ಹನ್ನೊಂದು ಪುಟಕ್ಕೂ ಕೆಂಪು ಸಹಿ

ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಗ ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ವಾರಗಟ್ಟಲೆ ತಲೆ ಬಾಚದೆ ಜಡೆ ಗಂಟುಕಟ್ಟಿ, ಎಣ್ಣೆ ಜಿಡ್ಡಿಗೆ ದಿಂಬು ನಾರುತ್ತಿತ್ತು. ಏಳಬೇಕು ಎಂದುಕೊಂಡರೂ ಕೈಕಾಲು ಬರುತ್ತಿರಲಿಲ್ಲ. ಅದಕ್ಕೆ ಖಿನ್ನತೆ ಎಂಬ ಹೆಸರಿದೆಯೆಂದು ಆಗ ಯಾರಿಗೆ ಗೊತ್ತಿತ್ತು? ಚೇಳೂರಿನ ಹತ್ತಿರದ ನಮ್ಮೂರಿನಲ್ಲಿ ಅದು ಮೈಗಳ್ಳತನ. "ಓದೋಕ್ ಕಳಿಸಿದ್ರೆ ಮಂಕು ಬಡಿದೋಳಂಗೆ ಕೂತವ್ಳೆ" ಎಂದು ಅಪ್ಪ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆಯೇ ಅಂದಿದ್ದ.

ಚಿತ್ರ ಬರೆಯುವುದೊಂದು ನನಗೆ ಬರುತ್ತಿತ್ತು. ಲ್ಯಾಬಿನ ಚಿತ್ರ ಬರೆದು ಸಹಿ ಹಾಕಿಸುವ ಪ್ರಾಣಿಶಾಸ್ತ್ರದ ರೆಕಾರ್ಡ್ ಪುಸ್ತಕ ಒಂದು ಖಾಲಿ ಮಿಕ್ಕಿತ್ತು; ಅದರಲ್ಲಿ, ವಾರಪತ್ರಿಕೆಗಳ ಚಿತ್ರಕಥೆಯ ಹಾಗೆ ಪುಟಕ್ಕೆ ನಾಲ್ಕು ಚೌಕ ಹಾಕಿ ನನ್ನ ದಿನಗಳನ್ನೇ ಬರೆಯತೊಡಗಿದೆ. ಹಾಸಿಗೆಯಲ್ಲಿ ನಾನು. ಹಾಸ್ಟೆಲಿನ ನೀರು ಸಾರಿನ ಮುಂದೆ ನಾನು. ಫಾರ್ಮಾಲಿನ್ ನಾತದ ಲ್ಯಾಬಿನಲ್ಲಿ ಕೊಯ್ದ ಕಪ್ಪೆಯ ಪಕ್ಕ ನಾನು. ಮಾತು ಮಾತ್ರ ಬರೆಯುತ್ತಿರಲಿಲ್ಲ, ಭಯವಾಗುತ್ತಿತ್ತು. ಆದರೂ ಒಂದು ಪುಟ ಮುಗಿಸಿದ ದಿನ ಎರಡು ತುತ್ತು ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಕುಣಿಗಲ್ಲಿನಲ್ಲಿದ್ದ ಅಕ್ಕ ಒಂದು ಭಾನುವಾರ ನನ್ನನ್ನು ಮಾರ್ಕೋನಹಳ್ಳಿ ಡ್ಯಾಮಿಗೆ ಕರೆದೊಯ್ದಳು. ಅವಳು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದಾಗ ನಾನು ಏರಿಯ ತುದಿಯಲ್ಲಿ ನಿಂತಿದ್ದೆ. ನೀರಿಗೆ ಬಿದ್ದುಬಿಡಬೇಕು ಅನ್ನಿಸಿತು. "ಬಾರೇ, ನೊಣ ಕೂರ್ತವೆ" ಎಂದು ಅಕ್ಕ ಕೂಗಿದಳು, ಹೋಗಿ ತಿಂದೆ. ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ. ಹಾಸ್ಟೆಲಿಗೆ ಬಂದು ಅದನ್ನು ಚೌಕ ಹಾಕದೆ ಇಡೀ ಪುಟಕ್ಕೆ ಬರೆದಿಟ್ಟೆ.

ಆ ಪುಸ್ತಕಕ್ಕೂ ನನ್ನ ನಿಜವಾದ ರೆಕಾರ್ಡಿಗೂ ಒಂದೇ ಥರದ ಕಂದು ಕಾಗದದ ಹೊದಿಕೆ ಹಾಕಿದ್ದೆ. ಸಹಿಗೆ ಕೊಡಲು ರೂಮಿನ ಗೆಳತಿ ಎರಡನ್ನೂ ಬಾಚಿಕೊಂಡು ಹೋಗಿ ಪ್ರಾಣಿಶಾಸ್ತ್ರದ ಮೇಷ್ಟರ ಮೇಜಿನ ಮೇಲಿಟ್ಟು ಬಂದಳು. ಅದು ಗೊತ್ತಾದ ಮೇಲೆ ಮೂರು ದಿನ ಲ್ಯಾಬಿನ ಕಡೆ ತಲೆ ಹಾಕಲಿಲ್ಲ. ಹೆದರಿಕೆಯ ಒಳಗೇ ಒಂದು ಹಾಳು ಆಸೆಯೂ ಇತ್ತು: ಒಬ್ಬರಾದರೂ ನೋಡುತ್ತಾರೆ, ಕರೆದು ಏನಮ್ಮಾ ಇದು ಎಂದು ಕೇಳುತ್ತಾರೆ.

ಕೇಳುವ ಮಾತೆಲ್ಲಿ ಬಂತು. ಪುಸ್ತಕ ವಾಪಸ್ಸು ಬಂದಾಗ ನಾನು ಬರೆದಿದ್ದ ಹನ್ನೊಂದು ಪುಟಕ್ಕೂ ಕೆಂಪು ಶಾಯಿಯ ಸಹಿ. ಗೋಡೆಗೆ ಮುಖ ಮಾಡಿ ಅಳುತ್ತಾ ಮಲಗಿದ್ದ ಪುಟಕ್ಕೆ "ಗುಡ್". ಡ್ಯಾಮಿನ ಪುಟದ ಕೆಳಗೆ, "ಭಾಗಗಳನ್ನು ಹೆಸರಿಸಿಲ್ಲ". ಥೂ. ಕಪ್ಪೆಗೂ ನನಗೂ ವ್ಯತ್ಯಾಸ ಕಾಣದ ಮನುಷ್ಯ ಇನ್ನು ಮಕ್ಕಳಿಗೆ ಏನು ಕಲಿಸುತ್ತಾನೆ? ಅಂಥವನಿಂದ ಏನೋ ಬಯಸಿದ್ದಕ್ಕೆ ನನ್ನ ಮೇಲೂ ಅಸಹ್ಯವಾಯಿತು. ಇವತ್ತಿಗೂ ಆ ಸಹಿ ನೆನೆದರೆ ಬಾಯಿ ಕಹಿಯಾಗುತ್ತದೆ.

ಹೆಸರಿಸಬೇಕಾ, ತಗೋ ಎಂದು ಆ ಸಿಟ್ಟಿನಲ್ಲೇ ಪೆನ್ಸಿಲ್ ಹೆರೆದುಕೊಂಡು ಕೂತೆ. ಸ್ಕೇಲಿಟ್ಟು ಗೆರೆ ಎಳೆದು ಬರೆದೆ: ನನ್ನ ಕಾಲು. ಏರಿಯ ತುದಿ. ನೀರು. ಮುಖದಿಂದ ಗೆರೆ ಎಳೆದಾಗ ಕೈ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅದನ್ನೂ ಬರೆದೆ: ಸಾಯಬೇಕು ಅಂದುಕೊಳ್ಳುತ್ತಿರುವವಳು.

ಮುಂದಿನ ಭಾನುವಾರ ಕುಣಿಗಲ್ಲಿಗೆ ಹೋದವಳು, ಹೊರಡುವ ಹೊತ್ತಿಗೆ ಪುಸ್ತಕವನ್ನು ಅಕ್ಕನ ಕೈಗೆ ಕೊಟ್ಟೆ. ಅವರೆಕಾಯಿ ಸುಲಿಯುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಹಾಳೆ ತಿರುವಿದಳು. ಡ್ಯಾಮಿನ ಪುಟದಲ್ಲಿ ಒಂದೊಂದೇ ಹೆಸರನ್ನು ಬೆರಳಿಟ್ಟು ಓದಿದಳು.

"ನಾನು ಊಟಕ್ಕೆ ಕರೆದ್ನಲ್ಲ, ಅವತ್ತಾ?"

"ಹೂಂ."

"ಈಗ್ಲೂ ಹಂಗೇ ಅನ್ಸುತ್ತೇನೇ?"

ಇಲ್ಲ ಅನ್ನಲು ಬಾಯಿ ತೆರೆದೆ. "ಒಂದೊಂದ್ ದಿನ ಅನ್ಸುತ್ತೆ ಕಣಕ್ಕ" ಅಂದೆ.

ಅಕ್ಕ ಎದ್ದಳು. ಬಸ್ಸಿಗೆಂದು ಬಾಗಿಲ ಬಳಿ ಇಟ್ಟಿದ್ದ ನನ್ನ ಚೀಲವನ್ನು ಒಳಗೆ ಒಯ್ದು, ಬಟ್ಟೆಗಳನ್ನೆಲ್ಲ ತೆಗೆದು ತನ್ನ ಸೀರೆಗಳ ಪಕ್ಕ ಮಡಿಸಿಟ್ಟಳು.