ಇಬ್ಬರು ಶಾಂತವ್ವರು

ಕೋವಿಡ್ ಮುಗಿದ ಮರುವರ್ಷ ನಾನು ಬಾಗಲಕೋಟೆಯ ಒಂದು ದಿನಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕಿಯಾಗಿದ್ದೆ. ವರದಿಗಾರರು ಕಳುಹಿಸಿದ್ದನ್ನು ತಿದ್ದಿ, ತಲೆಬರಹ ಕೊಟ್ಟು ಪುಟಕ್ಕೆ ಬಿಡುವುದು ನನ್ನ ಕೆಲಸ.

ಒಂದು ಸಂಜೆ ಇಳಕಲ್ಲಿನ ವರದಿಗಾರ ರಾಜೇಸಾಬನಿಂದ ಅಪಘಾತದ ಸುದ್ದಿ ಬಂತು. ಕೂಲಿ ಹೆಂಗಸರಿದ್ದ ಟೆಂಪೊ ಹುನಗುಂದದ ರಸ್ತೆಯಲ್ಲಿ ಪಲ್ಟಿಯಾಗಿತ್ತು. ‘ಐಹೊಳೆಯ ಶಾಂತವ್ವ ಮೃತಪಟ್ಟಿದ್ದಾರೆ’ ಎಂಬುದು ಮೊದಲ ಸಾಲು. ಕೊನೆಯ ಪ್ಯಾರಾದಲ್ಲಿ ‘ಮೃತರು ಮರೋಳದವರು’ ಎಂದಿತ್ತು.

ಪಕ್ಕದ ಮೇಜಿನ ಸಹೋದ್ಯೋಗಿ ಇಣುಕಿ, “ಒಂದು ತವರುಮನಿ ಇರಬೇಕ್ರಿ. ಒಂದೂರು ತಗದುಬಿಡ್ರಿ, ಪುಟ ಹೋಗ್ಲಿ” ಎಂದರು. ತೆಗೆಯುವುದು ಸುಲಭವಿತ್ತು. ಯಾವ ಊರನ್ನು ಎಂಬುದು ಗೊತ್ತಿರಲಿಲ್ಲ. ರಾಜೇಸಾಬನಿಗೆ ಫೋನ್ ಮಾಡಿದೆ.

“ಗಾಯ ಆದವ್ರು ಹೇಳಿದ್ದು ಬರದೇನ್ರಿ ಅಕ್ಕಾರ. ಮತ್ತ ದವಾಖಾನಿಗೆ ಹೋಗ್ತೇನಿ, ಕೇಳಿ ಹೇಳ್ತೇನಿ.”

ಪುಟ ಮುಗಿಸುವ ಹೊತ್ತಿಗೆ ಅವನ ಫೋನ್ ಬಂತು. ಟೆಂಪೊದಲ್ಲಿ ಇಬ್ಬರು ಶಾಂತವ್ವರಿದ್ದರು. ಮುಖದ ತುಂಬ ಬ್ಯಾಂಡೇಜ್ ಸುತ್ತಿಸಿಕೊಂಡು ಐಸಿಯುನಲ್ಲಿದ್ದವಳು ಆಗಷ್ಟೇ ಎಚ್ಚರಾಗಿ, ತಾನು ಐಹೊಳೆಯವಳೆಂದು ನರ್ಸ್‌ಗೆ ಹೇಳಿದ್ದಳು. ಅವಳು ಸತ್ತಳೆಂಬ ಸುದ್ದಿ ಅವಳ ಊರಿಗೆ ಆಗಲೇ ಮುಟ್ಟಿತ್ತು. ನಿಜವಾಗಿ ತೀರಿಕೊಂಡವಳು ಮರೋಳದ ಶಾಂತವ್ವ.

“ಸತ್ತಾಕಿ ಗಂಡ ಐಸಿಯು ಬಾಗಲದಾಗ ಕುಂತಾನ್ರಿ. ಒಳಗ ಇರಾಕಿ ತನ್ನ ಹೆಂಡ್ತಿ ಅಂತ ತಿಳ್ಕೊಂಡು, ‘ನಮ್ಮಾಕಿ ಉಳದ್ಲು’ ಅಂತ ಬಂದವ್ರಿಗೆಲ್ಲಾ ಹೇಳಾಕತ್ತಾನ. ನಾ ಏನ್ ಮಾಡ್ಲಿ?”

ನಾನು ಸುದ್ದಿಯಲ್ಲಿದ್ದ ಹೆಸರನ್ನೂ ಊರುಗಳನ್ನೂ ಅಳಿಸಿದೆ. “ನೀ ಹೇಳಬ್ಯಾಡಪಾ. ಡಾಕ್ಟರ್ ಹೇಳ್ಲಿ. ಅಲ್ಲೀತನಕ ನಾ ಹೆಸರು ಹಾಕೂದಿಲ್ಲ.”

ಸುದ್ದಿ ಸಂಪಾದಕರು ಸಿಡುಕಿದರು. “ಬ್ಯಾರೆ ಪೇಪರ್‌ನ್ಯಾಗ ಹೆಸರು ಬರ್ತೈತಿ. ನಮ್ಮ ಸುದ್ದಿ ಅರ್ಧ ಅನಸ್ತೈತಿ.”

ಅನ್ನಿಸಲಿ ಎಂದೆ. ‘ಮಹಿಳೆ ಸಾವು’ ಎಂದಷ್ಟೇ ಹೋಯಿತು. ಮರುದಿನ ಇನ್ನೊಂದು ಪತ್ರಿಕೆಯಲ್ಲಿ ಐಹೊಳೆಯ ಶಾಂತವ್ವ ಸತ್ತಿದ್ದಳು.

ಉಳಿದದ್ದನ್ನು ರಾಜೇಸಾಬ ಬೆಳಿಗ್ಗೆ ಹೇಳಿದ. ಡಾಕ್ಟರ್ ವಿಷಯ ತಿಳಿಸಿದಾಗ ಆ ಗಂಡ ಕೇಳಿದ್ದು ಇಷ್ಟೇ ಅಂತೆ: “ಐಹೊಳಿ ಮಂದಿಗೆ ತಿಳಿಸೀರೇನ್ರಿ? ಪಾಪ, ಸುಮ್ನ ಅಳಾಕತ್ತಿರ್ತಾರ.”

ತಪ್ಪು ತಿದ್ದಿದ ದಿನ ಮನಸ್ಸು ಹಗುರಾಗುತ್ತದೆ ಎಂದು ಅದುವರೆಗೆ ನಂಬಿದ್ದೆ. ಅವತ್ತು ಆಗಲಿಲ್ಲ. ಆದರೂ ತಿದ್ದದೆ ಬಿಡುವ ಹಾಗಿಲ್ಲ. ಅಂದಿನಿಂದ, ಮನೆಯವರಿಗೆ ತಿಳಿದಿದೆಯೇ ಎಂದು ಕೇಳದೆ ಸತ್ತವರ ಹೆಸರನ್ನು ನಾನು ಪುಟಕ್ಕೆ ಬಿಟ್ಟಿಲ್ಲ.