ಎಂಟು ದೇಶಗಳ ಬಳೆ

ಸಾತನೂರು ಬಸ್ಸು ತಡವಾದ ಪ್ರಯುಕ್ತ ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದನ್ನು ಹೊಕ್ಕಾಗ ಕಂಡ ಸಂಗತಿಯನ್ನು ಓದುಗರ ಅವಗಾಹನೆಗೆ ಸವಿನಯವಾಗಿ ತರಬಯಸುತ್ತೇನೆ. ಅಲ್ಲಿನ ಯುವ ಕೆಲಸಗಾರ್ತಿ ಶಬಾನಾ ದಕ್ಷಿಣ ಏಷ್ಯಾದ ಯುವಜನರ ಶಿಬಿರಕ್ಕೆ ಆಯ್ಕೆಯಾಗಿದ್ದಳು. ಸದರಿ ಶಿಬಿರದಲ್ಲಿ ಬೇರೆ ಏಳು ದೇಶಗಳ ಗೆಳತಿಯರೊಡನೆ ತೊಡಲೆಂದು ಒಂದೇ ಕೊಂಬೆಯಿಂದ ಎಂಟು ಮರದ ಬಳೆ ಕಡೆದು, ಎಂಟು ದೇಶಗಳ ಬಾವುಟದ ಬಣ್ಣಗಳನ್ನು ಅರಗಿನಲ್ಲಿ ಹಚ್ಚಿದ್ದಳು. ದೇಶಗಳ ಮನಸ್ತಾಪದಿಂದ ಶಿಬಿರ ರದ್ದಾಗಿದೆಯೆಂಬ ಪತ್ರ ಬೆಳಿಗ್ಗೆ ಬಂದಿತ್ತು.

"ಮಿಕ್ಕ ಏಳ್ನೂ ಹೆರ್ದು ನಮ್ ಬಾವುಟದ ಬಣ್ಣ ಹಾಕಮ್ಮಿ. ಆಗಸ್ಟ್ ಹದಿನೈದಕ್ಕೆ ಓಯ್ತವೆ," ಎಂದರು ಮಾಲೀಕರು.

"ನಮ್ ಬಾವುಟ ನಂಗೂ ಬೇಕು ಕಣಣ್ಣ. ಅದನ್ನ ತೊಟ್ಕೊಂಡೇ ಆ ಗೆಳತೀರ್ ಪಕ್ಕ ನಿಂತ್ಕೋಬೇಕು ಅಂತಿದ್ದೆ."

ಮಾಲೀಕರು ಎಂಟೂ ಬಳೆಗಳಿದ್ದ ಬುಟ್ಟಿಯನ್ನು ಅವಳತ್ತ ಸರಿಸಿದರು. ಆಕೆ ಏಳನ್ನೂ ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ಬಣ್ಣ ಹೆರೆದು, ಕೇಸರಿ, ಬಿಳಿ, ಹಸಿರು ಹಚ್ಚಿ ಬುಟ್ಟಿಗೆ ಹಾಕಿದಳು. ಬಳಿಕ ಅದೇ ಬುಟ್ಟಿಯಲ್ಲಿದ್ದ, ಶಿಬಿರಕ್ಕೆಂದು ಮಾಡಿದ್ದ ತನ್ನ ಬಳೆಯನ್ನು ಹುಡುಕಿದಳು. ಗುರುತು ಸಿಗಲಿಲ್ಲ.