ಭೀಮನ ಅಮಾವಾಸ್ಯೆಯೂ ಕೆಳಮನೆಯ ತಬಲಾದವರೂ

ಕುಡಿತ ಬಿಟ್ಟವನನ್ನು ಕಂಡರೆ ಜನ ಕೇಳುವುದು ಒಂದೇ ಪ್ರಶ್ನೆ: ಸ್ಫೂರ್ತಿ ಯಾರು? ಮೂರು ವರ್ಷದಿಂದ ಇದನ್ನು ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ಉತ್ತರ ಹೇಳಬೇಕಾದರೆ ಕೆಳಮನೆಯ ತಬಲಾದವರನ್ನು ಹೊಗಳಬೇಕು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ಪೂರ್ತಿ ಆಗುತ್ತದೆ ಎಂದು ಸುಳ್ಳು ಹೇಳಲಾರೆ.

ಪುಣೆಯ ಖಡಕಿಯಲ್ಲಿ ನಮ್ಮದು ಮೂರಂತಸ್ತಿನ ಹಳೇ ಕಟ್ಟಡ. ನಾನು ಹಾಸನದ ಕಡೆಯವನು, ಮಿಲಿಟರಿ ಉಗ್ರಾಣವೊಂದರಲ್ಲಿ ಗುಮಾಸ್ತ. ಅವರು ಧಾರವಾಡದ ಕಡೆಯವರು, ಒಂದು ಕಾಲಕ್ಕೆ ಹೆಸರಾಂತ ಗಾಯಕರಿಗೆ ಸಾಥ್ ಕೊಟ್ಟವರು. ಕುಡಿದು ಕುಡಿದು ಕಛೇರಿಗಳು ಹೋದವು, ಹೆಂಡತಿ ತವರು ಸೇರಿದರು, ಒಮ್ಮೆ ವೇದಿಕೆಯಲ್ಲೇ ತಬಲಾದ ಮೇಲೆ ತಲೆಯಿಟ್ಟು ನಿದ್ದೆ ಹೋದರಂತೆ. ಕೊನೆಗೆ ವ್ಯಸನಮುಕ್ತಿ ಕೇಂದ್ರದಲ್ಲಿ ಮೂರು ತಿಂಗಳಿದ್ದು ಬಂದರು. ಕುಡಿತ ಹೋಗಿತ್ತು, ಆದರೆ ಕೈ ನಡುಗುತ್ತಿತ್ತು. ಐವತ್ತು ದಾಟಿದ ಮನುಷ್ಯ ಚಿಕ್ಕ ಮಕ್ಕಳ ಮೊದಲ ಪಾಠದಿಂದ ಶುರು ಮಾಡಿದರು.

ದಿನಾ ಬೆಳಿಗ್ಗೆ ಆರೂವರೆಗೆ ಧಾ ಧಿನ್ ಧಿನ್ ಧಾ. ಬೆರಳು ತಪ್ಪುವುದು, ನಿಲ್ಲಿಸುವುದು, ಮತ್ತೆ ಧಾ ಧಿನ್ ಧಿನ್ ಧಾ. ಒಂದು ದಿನವಲ್ಲ, ಎರಡು ದಿನವಲ್ಲ, ಎಂಟು ತಿಂಗಳು! ಹಿಂದಿನ ದಿನ ಕುಡಿದದ್ದು ಇಳಿಯದೆ ತಲೆ ಸಿಡಿಯುತ್ತಿದ್ದ ನನಗೆ ಒಂದೊಂದು ಪೆಟ್ಟೂ ಹಣೆಯ ಮೇಲೇ ಬೀಳುತ್ತಿತ್ತು. ಅದರ ಮೇಲೆ ಕಾಫಿ ಲೋಟ ಕುಕ್ಕಿ ನನ್ನ ಹೆಂಡತಿ ಹೇಳುತ್ತಿದ್ದಳು: "ನೋಡ್ರೀ, ಅವರು ಬಿಟ್ಟೇಬಿಟ್ರು." ದೋಸೆ ಹಾಕುವಾಗ ಅದೇ ಮಾತು, ಬಟ್ಟೆ ಒಣಗಿಸುವಾಗ ಅದೇ ಮಾತು.

ಕಟ್ಟಡದವರೂ ಕಮ್ಮಿಯಿಲ್ಲ. ಯುಗಾದಿಯ ಕಾರ್ಯಕ್ರಮದಲ್ಲಿ ಅವರಿಗೆ ಶಾಲು ಹೊದಿಸಿ, ಸಂಗೀತವೇ ಇವರನ್ನು ಕಾಪಾಡಿತು ಎಂದು ಭಾಷಣ ಬಿಗಿದರು. ಆ ಮನುಷ್ಯ ಮೈಕ್ ಹಿಡಿದು, ಸಂಗೀತ ಏನೂ ಕಾಪಾಡಲಿಲ್ಲ, ಪ್ರತಿ ಕಛೇರಿ ಮುಗಿದ ಮೇಲೆ ನಾನು ಕುಡಿಯುತ್ತಿದ್ದದ್ದೇ ಅದರ ನೆಪದಲ್ಲಿ ಎಂದು ಮರಾಠಿಯಲ್ಲಿ ಹೇಳಿ ಕೂತರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು.

ಅವರು ವ್ಯಸನಿ, ನಾನಲ್ಲ ಎಂಬುದು ನನ್ನ ವಾದ. ನನ್ನ ಬಳಿ ಪುರಾವೆಯೂ ಇತ್ತು: ಶ್ರಾವಣ. ಪುಣೆಯಲ್ಲಿ ಶ್ರಾವಣ ಬಂದರೆ ಎಂಥ ಕುಡುಕನೂ ಒಂದು ತಿಂಗಳು ಲೋಟ ಮುಟ್ಟುವುದಿಲ್ಲ. ಹದಿನಾರು ವರ್ಷದಿಂದ ನಾನೂ ತಪ್ಪಿಸಿರಲಿಲ್ಲ. ಆದರೆ ಶ್ರಾವಣದ ಹಿಂದಿನ ಅಮಾವಾಸ್ಯೆ ಇದೆಯಲ್ಲ, ಅದಕ್ಕೆ ಇಲ್ಲಿ ಗಟಾರಿ ಎಂದು ಹೆಸರು. ತಿಂಗಳ ಪಾಲನ್ನು ಒಂದೇ ದಿನ ಕುಡಿದು ಗಟಾರಕ್ಕೆ, ಅಂದರೆ ಚರಂಡಿಗೆ, ಬೀಳುವ ದಿನ. ನಮ್ಮ ಕರ್ಮಕ್ಕೆ ಹಾಸನದ ಭೀಮನ ಅಮಾವಾಸ್ಯೆಯೂ ಅದೇ. ಆಫೀಸಿನವರು ಬಾಟಲಿ ತೆರೆಯುವ ಹೊತ್ತಿಗೆ ಮನೆಯಲ್ಲಿ ಹೆಂಡತಿ ನನ್ನ ಆಯುಸ್ಸಿಗೆಂದು ಉಪವಾಸವಿದ್ದು, ದೀಪ ಹಚ್ಚಿ, ನನ್ನ ಪಾದ ತೊಳೆಯಲು ಕಾದಿರುತ್ತಿದ್ದಳು. ಎರಡು ಪೆಗ್ ಹಾಕಿ, ಏಲಕ್ಕಿ ಜಗಿದು, ಮಣೆಯ ಮೇಲೆ ಕೂರುವುದನ್ನು ನಾನು ಚೆನ್ನಾಗಿ ಕಲಿತಿದ್ದೆ.

ಮೂರು ವರ್ಷದ ಹಿಂದಿನ ಆ ಅಮಾವಾಸ್ಯೆಯ ಸಂಜೆಯೂ ಹಾಗೇ ಏಲಕ್ಕಿ ಜಗಿಯುತ್ತ ಮೆಟ್ಟಿಲು ಹತ್ತುತ್ತಿದ್ದೆ. ತಬಲಾದವರ ಬಾಗಿಲು ತೆರೆದಿತ್ತು.

"ಬರ್ರಿ, ಚಹಾ ಕುಡೀರಿ," ಎಂದರು. ವಾಸನೆ ಅವರಿಗೆ ತಿಳಿಯದೇ ಇರುತ್ತದೆಯೇ? ಅವರ ಮುಖದಲ್ಲಿ ಉಪದೇಶದ ಸುಳಿವೂ ಇರಲಿಲ್ಲ. ಅದೇ ನನ್ನನ್ನು ಕೆರಳಿಸಿತು.

"ನಾಳೆಯಿಂದ ನಂದು ಬಂದ್," ಎಂದೆ, ಅವರು ಕೇಳದಿದ್ದರೂ. "ಒಂದು ತಿಂಗಳು ಒಂದು ಹನಿ ಮುಟ್ಟಲ್ಲ. ಹದಿನಾರು ವರ್ಷದ ಅಭ್ಯಾಸ. ಚಟ ಇದ್ದೋನಿಗೆ ಇದು ಆಗುತ್ತಾ, ಹೇಳಿ?"

"ಭಾಳ ಚಲೋ ಆತು. ಶ್ರಾವಣ ಯಾವಾಗ ಮುಗೀತದ್ರಿ?"

"ಮುಂದಿನ ತಿಂಗಳ ಕೊನೇ ಶನಿವಾರ. ಮಾರನೇ ದಿನ ಭಾನುವಾರ, ರಜಾ," ಎಂದೆ ಥಟ್ಟನೆ.

ಅವರು ತಬಲಾದ ಅಂಚನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಶ್ರುತಿ ನೋಡಿದರು. "ಶ್ರಾವಣ ಇನ್ನೂ ಚಾಲೂನೇ ಆಗಿಲ್ರಿ. ಮುಗಿಯೋ ವಾರ ನಿಮಗ ಬಾಯಿಪಾಠ ಅದ." ಸುತ್ತಿಗೆ ಕೆಳಗಿಟ್ಟು ಹೇಳಿದರು: "ನನಗೂ ಹಂಗ ಇತ್ತು. ಇಪ್ಪತ್ತೆರಡು ಶ್ರಾವಣದಾಗ ಕುಡಿಯೂದು ಬಿಟ್ಟೀನಿ ನಾನು. ಒಂದೂ ತಪ್ಪಿಸಿಲ್ಲ."

ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಎಂಥ ಸೊಕ್ಕು ಈ ಮನುಷ್ಯನಿಗೆ ಎಂದು ಬೈದುಕೊಂಡೆ. ಅವರ ಮಾತಿನಲ್ಲಿ ಸೊಕ್ಕು ಇರಲಿಲ್ಲ, ಅದು ನನಗೂ ಗೊತ್ತಿತ್ತು. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಜಾತಿ ನಾನು. ಇಪ್ಪತ್ತೆರಡು ಶ್ರಾವಣ ಬಿಟ್ಟವರು ತಬಲಾದ ಮೇಲೆ ಬಿದ್ದಿದ್ದರೆ, ಹದಿನಾರು ಬಿಟ್ಟ ನಾನು ಎಲ್ಲಿ ಬೀಳುತ್ತೇನೆ ಎಂಬ ಲೆಕ್ಕ ಬೇಡವೆಂದರೂ ತಲೆಗೆ ಹತ್ತಿತ್ತು. ಭಯವಾಯಿತು. ಎಂಟು ತಿಂಗಳು ಕೈ ನಡುಗಿಸಿಕೊಂಡು ಇಡೀ ಕಟ್ಟಡಕ್ಕೆ ಕೇಳುವಂತೆ ತಪ್ಪು ಬಾರಿಸಿದ ಮನುಷ್ಯನ ಎದುರು ನಾನು ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಜಂಬ ಕೊಚ್ಚಿದ್ದೆ. ನಾಚಿಕೆಯೂ ಆಯಿತು.

ಮನೆಯಲ್ಲಿ ದೀಪ ಉರಿಯುತ್ತಿತ್ತು. ಹೆಂಡತಿ ಮಣೆ ಹಾಕಿ, ತಟ್ಟೆಯಲ್ಲಿ ಅರಿಶಿನದ ದಾರ ಇಟ್ಟಿದ್ದಳು. ಬೆಳಗಿನಿಂದ ಏನೂ ತಿನ್ನದೆ ಮುಖ ಬಾಡಿತ್ತು. ನಾನು ಕೂತೆ. ಅವಳು ಚೊಂಬು ಹಿಡಿದು ಬಗ್ಗಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

"ಬೇಡ ಕಣೆ. ಕುಡಿದು ಬಂದಿದ್ದೀನಿ."

ಅವಳು ತಲೆಯೆತ್ತಲಿಲ್ಲ. "ಗೊತ್ತು," ಎಂದಳು.

"ಏಲಕ್ಕಿ ವಾಸನೆಗಾ?"

"ಪ್ರತಿ ವರ್ಷವೂ ಗೊತ್ತಿತ್ತು ಕಣ್ರೀ."

ಹದಿನಾರು ವರ್ಷ! ಸಿಟ್ಟು ಬಂತು, ಅವಳ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. "ಗೊತ್ತಿದ್ದೂ ಮತ್ಯಾಕೆ ತೊಳೀತಿದ್ದೆ?" ಎಂದು ರೇಗಿದೆ.

ಅವಳು ಚೊಂಬನ್ನು ನೆಲಕ್ಕಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು.

"ಈ ಸಲ ನೀವೇ ಹೇಳ್ತೀರೇನೋ ಅಂತ," ಎಂದಳು.